ರೇಟ್ ಯಾರು ಹಾಕಿದ್ದು?

ನಮ್ಮ ಮಾವ ಬೆಳಗ್ಗೆ ಎದ್ದು ಮುಖ ತೊಳೆದು ಜಗಲಿಗೆ ಬಂದರೆ ಮೊದಲು ಕೇಳುವುದು ಒಂದೇ ಮಾತು. "ಇವತ್ತು ರೇಟ್ ಎಷ್ಟಂತೆ?"

ಕಾಫಿ ಲೋಟ ಕೈಗೆ ಬರುವ ಮುಂಚೆ ಕಾಫಿ ರೇಟ್ ಬೇಕು. ನಮ್ಮನೆಯವರು ಫೋನ್ ತೆಗೆದು ಓದುತ್ತಾರೆ. ಅರೇಬಿಕಾ ಪಾರ್ಚ್‌ಮೆಂಟ್ ಇಷ್ಟು, ಅರೇಬಿಕಾ ಚೆರ್ರಿ ಇಷ್ಟು, ರೋಬಸ್ಟಾ ಪಾರ್ಚ್‌ಮೆಂಟ್ ಇಷ್ಟು, ರೋಬಸ್ಟಾ ಚೆರ್ರಿ ಇಷ್ಟು. ಅರೇಬಿಕಾ, ರೋಬಸ್ಟಾ ಅಂದರೆ ಕಾಫಿಯ ಎರಡು ಜಾತಿ. ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಹಾಗೇ ಒಣಗಿಸಿದ್ದು ಚೆರ್ರಿ. ಎಲ್ಲ 50 ಕೆಜಿ ಚೀಲದ ಲೆಕ್ಕ. ಚಿಕ್ಕಮಗಳೂರಿನ ವ್ಯಾಪಾರಿಗಳು ವಾಟ್ಸಾಪ್‌ನಲ್ಲಿ ಹಾಕುವ ಪಟ್ಟಿ ಅದು. ಅವರೂ ಸ್ವಂತವಾಗಿ ಹಾಕುವುದಲ್ಲ. ಅರೇಬಿಕಾಗೆ ನ್ಯೂಯಾರ್ಕ್ ಮಾರುಕಟ್ಟೆ ನೋಡುತ್ತಾರೆ, ರೋಬಸ್ಟಾಗೆ ಲಂಡನ್ ಮಾರುಕಟ್ಟೆ ನೋಡುತ್ತಾರೆ. ಆಲ್ದೂರು ಹತ್ತಿರದ ನಮ್ಮ ಕಣದಲ್ಲಿ ಒಣಗುವ ಕಾಫಿಗೆ ಬೆಲೆ ಹುಟ್ಟುವುದು ನಾವು ಯಾರೂ ಕಂಡಿಲ್ಲದ ಊರಿನಲ್ಲಿ.

ನಾನು ಈ ಮನೆಗೆ ಸೊಸೆಯಾಗಿ ಬಂದು 12 ವರ್ಷ ಆಯಿತು. ಆ "ಎಷ್ಟಂತೆ"ಯ ಬಾಲದಲ್ಲಿರುವ "ಅಂತೆ" ಇತ್ತೀಚಿನವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ. ಬೆಲೆ ಅನ್ನುವುದು ನಮ್ಮಲ್ಲಿ ಯಾವಾಗಲೂ ಅಂತೆಯೇ. ಬೇರೆ ಯಾರೋ ಹೇಳಿದ್ದು. ನಾವು ಕೇಳಿಸಿಕೊಂಡಿದ್ದು.

2022ರ ಕೊನೆಯಲ್ಲಿ ನಾನು ಆನ್‌ಲೈನ್‌ನಲ್ಲಿ ಕಾಫಿ ಪುಡಿ ಮಾರಲು ಹೊರಟೆ. ಯಾವ ಸೈಟ್ ಅಂತ ಹೇಳುವುದಿಲ್ಲ. ಮುಂದೆ ಸ್ವಲ್ಪ ಬೈಯ್ಯುವುದಿದೆ, ಅದಕ್ಕೆ. ಮದುವೆಗೆ ಮುಂಚೆ ನಾನು ಚಿಕ್ಕಮಗಳೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ಕಂಪ್ಯೂಟರಿನ ಟ್ಯಾಲಿಯಲ್ಲಿ ಲೆಕ್ಕ ಎಂಟ್ರಿ ಮಾಡುತ್ತಿದ್ದೆ. ಜಿಎಸ್‌ಟಿ, ಇನ್‌ವಾಯ್ಸ್ ಅಂದರೆ ಹೆದರುವವಳಲ್ಲ. ಅದೇ ಧೈರ್ಯ. ಕಾಗದ ಪತ್ರ ಗೊತ್ತಿದ್ದರೆ ವ್ಯಾಪಾರವೂ ಗೊತ್ತು ಅಂದುಕೊಂಡಿದ್ದೆ.

ಆದರೆ ಕಾಗದ ಪತ್ರವೇ ಎರಡು ತಿಂಗಳು ತಿಂದಿತು.

ಆಗ ಆನ್‌ಲೈನ್ ಮಾರುಕಟ್ಟೆಯಲ್ಲಿ ತೆರಿಗೆ ಇರುವ ಯಾವ ಸಾಮಾನು ಮಾರಬೇಕಾದರೂ ಜಿಎಸ್‌ಟಿ ನಂಬರ್ ಬೇಕೇ ಬೇಕಿತ್ತು. ವರ್ಷಕ್ಕೆ 10 ಸಾವಿರದ ವ್ಯಾಪಾರವಾದರೂ ಅಷ್ಟೇ. ಬೀದಿಯಲ್ಲಿ ಅಂಗಡಿ ಇಟ್ಟವರಿಗೆ 40 ಲಕ್ಷದವರೆಗೆ ವಿನಾಯಿತಿ, ಫೋನಿನಲ್ಲಿ ಅಂಗಡಿ ಇಟ್ಟವರಿಗೆ ಇಲ್ಲ. 2023ರ ಅಕ್ಟೋಬರ್ 1ರಿಂದ ಇದನ್ನು ಸಡಿಲ ಮಾಡಿದರು. ಈಗ ಸಣ್ಣವರು ತಮ್ಮ ರಾಜ್ಯದೊಳಗೆ ಮಾತ್ರ ಮಾರುವುದಾದರೆ ಜಿಎಸ್‌ಟಿ ನೋಂದಣಿ ಬೇಡ, ಒಂದು ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಂಡರೆ ಸಾಕು. ಹೊರರಾಜ್ಯಕ್ಕೆ ಕಳಿಸುವುದಾದರೆ ನೋಂದಣಿ ಬೇಕು. ಈಗ ಶುರು ಮಾಡುವವರು ಮೊದಲು ಕರ್ನಾಟಕದೊಳಗೆ ಮಾರಿ ನೋಡಬಹುದು. ನನಗೆ ಆ ದಾರಿ ಇರಲಿಲ್ಲ.

ಜಿಎಸ್‌ಟಿಗೆ ವ್ಯಾಪಾರದ ವಿಳಾಸಕ್ಕೆ ದಾಖಲೆ ಬೇಕು. ಮೆಸ್ಕಾಂ ಬಿಲ್ ಹಾಕೋಣ ಅಂತ ತೆಗೆದು ನೋಡಿದರೆ ಬಿಲ್ ನಮ್ಮನೆಯವರ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡು 22 ವರ್ಷ. ಪ್ರತಿ ತಿಂಗಳು ಕರೆಂಟ್ ಬಿಲ್ ಮಾತ್ರ ಅವರೇ ಕಟ್ಟುತ್ತಿದ್ದಾರೆ. ಕೊನೆಗೆ ಪಂಚಾಯಿತಿಯ ಮನೆ ಕಂದಾಯದ ರಸೀದಿ ಮಾವನ ಹೆಸರಿನಲ್ಲಿ ಸಿಕ್ಕಿತು. ಅದರ ಜೊತೆಗೆ ಮಾವನಿಂದ ಒಂದು ಒಪ್ಪಿಗೆ ಪತ್ರ. "ನನ್ನ ಮನೆಯ ಒಂದು ಕೋಣೆಯಲ್ಲಿ ನನ್ನ ಸೊಸೆ ವ್ಯಾಪಾರ ಮಾಡಲು ನನ್ನ ಅಭ್ಯಂತರವಿಲ್ಲ." ಮಾವ ಕನ್ನಡಕ ಹಾಕಿಕೊಂಡು ಮೂರು ಸಲ ಓದಿ ಸಹಿ ಮಾಡಿದರು. ಆಮೇಲೆ, "ಅಭ್ಯಂತರ ಇದ್ರೆ ಬರೆಯೋಕೆ ಬೇರೆ ಫಾರಂ ಇದೆಯಾ?" ಅಂತ ಕೇಳಿದರು.

ಓಟಿಪಿಯದ್ದು ಇನ್ನೊಂದು ಕಥೆ. ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ. ಲ್ಯಾಪ್‌ಟಾಪ್ ಓಡುವುದು ಲ್ಯಾಂಡ್‌ಲೈನ್ ಇಂಟರ್ನೆಟ್‌ನಲ್ಲಿ. ಮೊಬೈಲ್‌ಗೆ ಮೆಸೇಜ್ ಬರಬೇಕಾದರೆ ಕಣದ ಮೂಲೆಯ ಹಲಸಿನ ಮರದ ಹತ್ತಿರ ನಿಲ್ಲಬೇಕು. ನಾನು ಕಿಟಕಿ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂರುವುದು, ಮಾವ ಹಲಸಿನ ಮರದ ಬುಡದಲ್ಲಿ ನನ್ನ ಫೋನ್ ಹಿಡಿದು ನಿಲ್ಲುವುದು. ನಂಬರ್ ಬಂದ ತಕ್ಷಣ ಅಲ್ಲಿಂದಲೇ ಕೂಗುವುದು. ಯಾರಿಗೂ ಹೇಳಬಾರದು ಅಂತ ಮೆಸೇಜ್‌ನಲ್ಲೇ ಬರೆದಿರುವ ಓಟಿಪಿಯನ್ನು ಆ ದಿನಗಳಲ್ಲಿ ಕಣದಲ್ಲಿದ್ದ ಎಲ್ಲ ಆಳುಗಳೂ ಕೇಳಿಸಿಕೊಂಡಿದ್ದಾರೆ.

ಪ್ಯಾನ್‌ನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಶಿಯಲ್, ಬ್ಯಾಂಕಿನಲ್ಲಿ ಗಂಡನ ಹೆಸರು, ಆಧಾರ್‌ನಲ್ಲಿ ಬರೀ ನನ್ನ ಹೆಸರು. ಈ ಮೂರು ಜನ ಒಬ್ಬಳೇ ಅಂತ ಸೈಟಿನವರಿಗೆ ಒಪ್ಪಿಸುವುದಕ್ಕೆ ಮೂರು ವಾರ ಬೇಕಾಯಿತು. ಮದುವೆಯಾದ ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ಸೆಲ್ಲರ್ ಖಾತೆಗೆ ಕೈ ಹಾಕುವ ಮುಂಚೆ ಹೆಸರು ಸರಿ ಮಾಡಿಸಿಕೊಳ್ಳಿ. ಬೇರೆ ಎಲ್ಲ ಆಮೇಲೆ.

ತಿಂಡಿ ತಿನಿಸು, ಕಾಫಿ ಪುಡಿ ಏನೇ ಆದರೂ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನವರ ನಂಬರ್ ಬೇಕು. ಇದು ಮಾತ್ರ ಸಲೀಸು. ನಾನು ಮಾಡಿಸುವಾಗ ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ಬರೀ ನೋಂದಣಿ, ವರ್ಷಕ್ಕೆ 100 ರೂಪಾಯಿ. 14 ಅಂಕಿಯ ಒಂದು ನಂಬರ್ ಕೊಡುತ್ತಾರೆ, ಅದನ್ನು ಪ್ಯಾಕೆಟ್ ಮೇಲೆ ಹಾಕಬೇಕು. ಅದರ ಜೊತೆಗೆ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು, ವಿಳಾಸ, ದೂರು ಹೇಳಲು ಫೋನ್ ನಂಬರ್.

ಲೇಬಲ್ ಬರೆಯುವಾಗಲೇ ಅತ್ತೆಗೂ ನನಗೂ ಚಿಕೋರಿ ವಿಷಯಕ್ಕೆ ಜಗಳ. ಚಿಕೋರಿ ಅಂದರೆ ಹುರಿದು ಪುಡಿ ಮಾಡಿ ಕಾಫಿಗೆ ಬೆರೆಸುವ ಒಂದು ಬೇರು. ಅತ್ತೆ ಹಳೇ ಕಾಲದವರು. ಅವರದ್ದು ಬೆಲ್ಲದ ಕಾಫಿ. ಚಿಕೋರಿ ಹಾಕಿದ್ದನ್ನು ಮೂಸಿಯೂ ನೋಡುವುದಿಲ್ಲ. ಪೇಟೆಯವರಿಗೆ ಗಟ್ಟಿ ಡಿಕಾಕ್ಷನ್ ಬೇಕು, ಹಾಲು ಜಾಸ್ತಿ ಹಾಕಿದರೂ ಬಣ್ಣ ನಿಲ್ಲಬೇಕು, ಅದಕ್ಕೆ ಸ್ವಲ್ಪ ಚಿಕೋರಿ ಬೇಕು ಅಂತ ನಾನು. "ಗುಜರಾತಿಂದ ಬರೋ ಬೇರು ಮಾರೋದಕ್ಕೆ ನಮ್ಮ ತೋಟ ಯಾಕಮ್ಮ ಬೇಕು?" ಅಂತ ಅವರು. ಕಾನೂನು ನನಗಿಂತ ಉದಾರಿ. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕೆ ಕಡಿಮೆ ಇರಬಾರದು ಅನ್ನುತ್ತದೆ, ಅಷ್ಟೇ. ಅಂದರೆ 49 ಭಾಗ ಬೇರು ಹಾಕಿಯೂ ಮಾರಬಹುದು, ಪ್ಯಾಕೆಟ್ ಮೇಲೆ ಚಿಕೋರಿ ಬೆರೆಸಿದೆ, ಎಷ್ಟೆಷ್ಟು ಅಂತ ಬರೆದಿರಬೇಕು. ಮುಂದಿನ ಸಲ ಅಂಗಡಿಗೆ ಹೋದಾಗ ಪ್ಯಾಕೆಟ್ ತಿರುಗಿಸಿ ನೋಡಿ, ಸುಮ್ನೆ ತಮಾಷೆಗೆ. ನಮ್ಮಿಬ್ಬರ ರಾಜಿ 80ಕ್ಕೆ 20ರಲ್ಲಿ ನಿಂತಿತು.

"ಚಿಕ್ಕಮಗಳೂರು ಅರೇಬಿಕಾ" ಅಂತ ದೊಡ್ಡದಾಗಿ ಹಾಕು, ಅದು ಮಾರುತ್ತೆ ಅಂತ ನನ್ನ ತಮ್ಮ ಹೇಳಿದ. ಆ ಹೆಸರಿಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಆ ಊರಿನ ಬೆಳೆಗೆ ಮಾತ್ರ ಆ ಹೆಸರು ಅನ್ನುವ ಮಾನ್ಯತೆ ಸಿಕ್ಕಿದೆ, ಬಾಬಾಬುಡನ್‌ಗಿರಿ ಅರೇಬಿಕಾಗೂ ಸಿಕ್ಕಿದೆ. ಅದನ್ನು ಬಳಸಬೇಕಾದರೆ ಅದಕ್ಕೆ ಬೇರೆಯಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಅದೂ ಅಲ್ಲದೆ ನಮ್ಮ ಪುಡಿಯಲ್ಲಿ ರೋಬಸ್ಟಾನೂ ಇದೆ. ವಿಳಾಸದಲ್ಲಿ ಹೇಗೂ ಚಿಕ್ಕಮಗಳೂರು ಜಿಲ್ಲೆ ಅಂತ ಇರುತ್ತದೆ, ಸಾಕು ಅಂದೆ.

ಇಷ್ಟೆಲ್ಲ ಆದ ಮೇಲೆ ಸೈಟಿನಲ್ಲಿ ಸಾಮಾನು ಏರಿಸುವ ಪುಟ. ಫೋಟೋದ ಹಿನ್ನೆಲೆ ಅಚ್ಚ ಬಿಳಿ ಇರಬೇಕು ಅಂತ ನಿಯಮ. ಮಾವನ ಹೊಸ ಪಂಚೆಯನ್ನು ಕಣದಲ್ಲಿ ಹರಡಿ, ಮೋಡದ ಬೆಳಕಿನಲ್ಲಿ ಫೋಟೋ ತೆಗೆದೆ. ಬಾರ್‌ಕೋಡ್ ನಂಬರ್ ಕೇಳಿತು, ಅದರಿಂದ ವಿನಾಯಿತಿ ಕೋರಿ ಅರ್ಜಿ ಹಾಕಿದೆ. ತೆರಿಗೆಗೆ ಸಾಮಾನು ಗುರುತಿಸುವ ಎಚ್‌ಎಸ್‌ಎನ್ ಕೋಡ್ ಕೇಳಿತು, ಕಾಫಿಗೆ 0901, ಅದು ಬಾಯಿಗೇ ಬರುತ್ತದೆ. ಕೊನೆಗೆ ಒಂದು ಖಾಲಿ ಚೌಕ. ನಿಮ್ಮ ಬೆಲೆ.

ಕೈ ನಿಂತಿತು.

ನಾನು ಹೋಗಿ ಮಾವನನ್ನು ಕೇಳಿದೆ, "ಮಾವ, ಎಷ್ಟು ಹಾಕ್ಲಿ?" ಮಾವ ಹೇಳಿದರು, "ಮಾರ್ಕೆಟ್ ಎಷ್ಟಿದೆ ಅಂತ ಕೇಳು." ಯಾರನ್ನು ಕೇಳುವುದು? ನಮ್ಮನೆಯವರನ್ನು ಕೇಳಿದೆ. ಅವರೂ, "ಬೇರೆಯವರು ಎಷ್ಟಕ್ಕೆ ಹಾಕಿದ್ದಾರೆ ನೋಡು" ಅಂದರು. ಒಂದು ಮನೆಯಲ್ಲಿ ಮೂರು ತಲೆಮಾರು ಕಾಫಿ ಬೆಳೆದಿದ್ದಾರೆ. ಗಿಡ ನೋಡಿ ಯಾವ ತಳಿ ಅಂತ ಹೇಳುತ್ತಾರೆ, ಕಾಯಿ ಕಚ್ಚಿ ನೋಡಿ ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ನಮ್ಮ ಕಾಫಿಗೆ ಎಷ್ಟು ದುಡ್ಡು ಅಂತ ಹೇಳಲು ಒಬ್ಬರಿಗೂ ಬಾಯಿ ಬರಲಿಲ್ಲ.

ಅವರ ತಪ್ಪೂ ಅಲ್ಲ ಅದು. 1942ರ ಕಾಫಿ ಕಾಯ್ದೆಯ ಕಾಲದಿಂದ 1990ರ ದಶಕದವರೆಗೆ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವಂತಿರಲಿಲ್ಲ. ಬೆಳೆದದ್ದನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕು. ಮನೆ ಖರ್ಚಿಗೆ ಒಂದಿಷ್ಟು ಇಟ್ಟುಕೊಳ್ಳಬಹುದು. ಎಲ್ಲರ ಕಾಫಿ ಒಟ್ಟಿಗೆ ಸೇರಿ, ಗುಣ ನೋಡಿ ಪಾಯಿಂಟ್ ಹಾಕಿ, ಮಾರಾಟ ಆದ ಹಾಗೆ ಕಂತು ಕಂತಾಗಿ ದುಡ್ಡು. 1992ರ ನಂತರ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಟ್ಟು, 1996ರ ಹೊತ್ತಿಗೆ ಪೂರ್ತಿ ಬಿಟ್ಟರು. ಮಾವ ತೋಟ ನೋಡಿಕೊಳ್ಳಲು ಶುರು ಮಾಡಿದ್ದೇ ಪೂಲ್ ಕಾಲದಲ್ಲಿ. ಅಲ್ಲಿಂದ ವ್ಯಾಪಾರಿಯ ಫೋನ್‌ಗೆ ಬಂದರು. ಎರಡೂ ಕಡೆ ಅವರ ಕೆಲಸ ಬೆಳೆಯುವುದು, ಕೇಳುವುದು.

ಸೈಟ್ ನೋಡಿದೆ. ಬೇರೆ ಯಾರೋ 400 ಗ್ರಾಂ ಪುಡಿಯನ್ನು 310ಕ್ಕೆ ಮಾರುತ್ತಿದ್ದರು. ನಾನು 299 ಅಂತ ಹಾಕಿದೆ. ಯಾಕೆ 299? ಅವರಿಗಿಂತ ಕಡಿಮೆ, ಅಷ್ಟೇ. ಟ್ಯಾಲಿ ಮಾಡುತ್ತಿದ್ದವಳು ಒಂದು ಲೆಕ್ಕವನ್ನೂ ಹಾಕಲಿಲ್ಲ.

ಮೊದಲ ಆರ್ಡರ್ ಬಂದದ್ದು ಪುಣೆಯಿಂದ, ರಾತ್ರಿ ಹತ್ತೂವರೆಗೆ. ಮನೆಯವರೆಲ್ಲ ಎದ್ದು ಬಂದು ಪರದೆ ನೋಡಿದೆವು. ಹೆಸರು ಗೊತ್ತಿಲ್ಲದ ಯಾರೋ ಒಬ್ಬರು ಅಷ್ಟು ದೂರದಲ್ಲಿ ಕೂತು ನಮ್ಮ ಕಾಫಿ ಬೇಕು ಅಂದಿದ್ದಾರೆ. ಅತ್ತೆ ಮಾರನೇ ದಿನ ಆ ಪ್ಯಾಕೆಟ್‌ಗೆ ಅರಿಶಿನ ಕುಂಕುಮ ಹಚ್ಚಲು ಬಂದರು. ಲೇಬಲ್ ಮೇಲೆ ಕಲೆ ಆಗುತ್ತೆ ಅತ್ತೆ ಅಂದೆ. ರಟ್ಟಿನ ಡಬ್ಬದ ಒಳಗಡೆ ಮೂಲೆಯಲ್ಲಿ ಹಚ್ಚಿದರು. ಆ ಪುಣೆಯವರು ಏನಂದುಕೊಂಡರೋ.

ಆ ತಿಂಗಳು 23 ಆರ್ಡರ್. ನಾನು ನೆಲದ ಮೇಲೆ ನಡೆಯಲಿಲ್ಲ. ಪಿಕಪ್‌ಗೆ ನಮ್ಮ ಕಡೆ ಯಾರೂ ಬರುವುದಿಲ್ಲ, ಚಿಕ್ಕಮಗಳೂರಿಗೇ ಒಯ್ದು ಕೊಡಬೇಕು. ಸ್ಕೂಟರ್‌ನಲ್ಲಿ ವಾರಕ್ಕೆ ಎರಡು ಸಲ ಹೋಗಿ ಬಂದೆ. ಆಮೇಲೆ ಸೈಟಿನವರ ಲೆಕ್ಕದ ಹಾಳೆ ಬಂತು. ಆ ಹಾಳೆಯನ್ನು ಈಗಲೂ ಇಟ್ಟುಕೊಂಡಿದ್ದೇನೆ. ಒಂದು ಪಾರ್ಸೆಲ್‌ನ ಕಥೆ ಹೀಗಿತ್ತು.

ಗಿರಾಕಿ ಕೊಟ್ಟದ್ದು 299. ಅದರಲ್ಲಿ ಕಮಿಷನ್ 23 ರೂಪಾಯಿ 92 ಪೈಸೆ. ಪ್ರತಿ ಆರ್ಡರ್‌ಗೆ ಒಂದು ಫಿಕ್ಸ್ ಫೀ, 20. ಸಾಗಣೆ 74. ಈ ಮೂರೂ ಸೇರಿ 117 ರೂಪಾಯಿ 92 ಪೈಸೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 21 ರೂಪಾಯಿ 23 ಪೈಸೆ. ಕಾಫಿ ಪುಡಿಗೆ 5 ಪರ್ಸೆಂಟ್ ತೆರಿಗೆ, ನನ್ನ ಪುಡಿ ಮಾರಿಕೊಟ್ಟದ್ದಕ್ಕೆ 18 ಪರ್ಸೆಂಟ್! ಇದಲ್ಲದೆ ಟಿಸಿಎಸ್ ಅಂತ, ಸೈಟಿನವರೇ ಮುಂಚೆಯೇ ಹಿಡಿದುಕೊಳ್ಳುವ ತೆರಿಗೆ, ಆಗ ಜಿಎಸ್‌ಟಿ ಬಿಟ್ಟ ಬೆಲೆಗೆ 1 ಪರ್ಸೆಂಟ್ ಹಿಡಿಯುತ್ತಿದ್ದರು, 2 ರೂಪಾಯಿ 85 ಪೈಸೆ. 2024ರ ಜುಲೈಯಿಂದ ಅದು ಅರ್ಧ ಪರ್ಸೆಂಟ್ ಆಗಿದೆ. ನನ್ನ ಖಾತೆಗೆ ಬಂದದ್ದು ಸರಿಯಾಗಿ 157 ರೂಪಾಯಿ.

ಈಗ ನಮ್ಮ ಖರ್ಚು. ಬೀಜ 110. ಹುರಿದರೆ ತೂಕ ನೂರಕ್ಕೆ ಹದಿನೈದು ಹದಿನಾರು ಭಾಗ ಇಳಿಯುತ್ತದೆ, ಅದನ್ನೂ ಸೇರಿಸಿದ ಲೆಕ್ಕ ಇದು. ಚಿಕೋರಿ 12. ಪೇಟೆಯಲ್ಲಿ ಹುರಿದು ಪುಡಿ ಮಾಡಿಸಿದ್ದಕ್ಕೆ 16. ಎರಡು ಪೌಚ್ 18. ಡಬ್ಬ, ಟೇಪು, ಲೇಬಲ್ 14. ಒಟ್ಟು 170.

ಪ್ರತಿ ಪಾರ್ಸೆಲ್‌ಗೂ 13 ರೂಪಾಯಿ ನಾನೇ ಕೈಯಿಂದ ಹಾಕಿ ಕಳಿಸಿದ್ದೆ. ಟಿಸಿಎಸ್ ಆಮೇಲೆ ನಮ್ಮ ಜಿಎಸ್‌ಟಿ ಖಾತೆಗೆ ವಾಪಸ್ ಬರುತ್ತದೆ, ಜಿಎಸ್‌ಟಿಯೂ ಒಂದಕ್ಕೊಂದು ವಜಾ ಆಗುತ್ತದೆ, ಆದರೂ ಕೈಗೆ ಬಂದ ದುಡ್ಡಿನ ಲೆಕ್ಕ ಇದೇ. 23 ಪಾರ್ಸೆಲ್, 13 ರೂಪಾಯಿ. ಗುಣಿಸಿದರೆ 299. ಒಂದು ಪಾರ್ಸೆಲ್‌ನ ಪೂರ್ತಿ ಬೆಲೆ ನಷ್ಟ. ಪೆಟ್ರೋಲ್ ಬೇರೆ.

ಸಂಜೆ ಹಾಳೆ ಹಿಡಿದು ಜಗಲಿಯಲ್ಲಿ ಕೂತಿದ್ದೆ. ಮಾವ ಬಂದು ನೋಡಿದರು. ಹಾಳೆಯ ಸಾಲುಗಳನ್ನು ಬೆರಳಿಟ್ಟು ಓದಿದರು. ಕಮಿಷನ್, ಫೀ, ಸಾಗಣೆ, ತೆರಿಗೆ. "ಎಲ್ರೂ ಅವರವರ ರೇಟ್ ಹಾಕ್ಕೊಂಡಿದ್ದಾರೆ," ಅಂದರು. "ಈ 299 ಯಾರು ಹಾಕಿದ್ದು?"

"ನಾನೇ ಮಾವ."

"ಯಾರನ್ನ ಕೇಳಿ?"

ಬಯ್ಯುವ ದನಿ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರನೇ ದಿನ ಕೂತು ಕೆಳಗಿನಿಂದ ಮೇಲಕ್ಕೆ ಲೆಕ್ಕ ಹಾಕಿದೆ. ನಮ್ಮ ಖರ್ಚು ಇಷ್ಟು, ಉಳಿಯಬೇಕಾದ್ದು ಇಷ್ಟು, ಸೈಟಿನವರ ಪಾಲು ಇಷ್ಟು. 399 ಅಂತ ಬಂತು. ಆ ಚೌಕದಲ್ಲಿ 399 ಒತ್ತುವಾಗ ಏನೋ ಕಳ್ಳತನ ಮಾಡಿದ ಹಾಗೆ ಎದೆ ಹೊಡೆದುಕೊಂಡಿತು. ಯಾರೋ ಬಂದು, "ಇಷ್ಟು ಕೇಳಲು ನೀನು ಯಾರು?" ಅಂತಾರೆ ಅನ್ನಿಸಿತು. ಯಾರೂ ಬರಲಿಲ್ಲ. ಆರ್ಡರ್‌ಗಳೂ ಕೆಲವು ದಿನ ಬರಲಿಲ್ಲ, ಅದು ಬೇರೆ. ಆಮೇಲೆ ಬಂದವು. ಒಂದು ಪಾರ್ಸೆಲ್‌ಗೆ 76 ರೂಪಾಯಿ ಚಿಲ್ಲರೆ ಉಳಿಯಿತು.

ಅಲ್ಲಿಂದ ಮುಂದೆ ಕಲಿತದ್ದು ಹೆಚ್ಚು ಕಡಿಮೆ ಎಲ್ಲವೂ ಏಟು ತಿಂದೇ. ಒಂದು ದಿನ ಸಣ್ಣ ಡಬ್ಬ ಮುಗಿದಿತ್ತು. ಅಂಗಡಿಯಿಂದ ಬಿಸ್ಕತ್ತಿನ ಖಾಲಿ ಡಬ್ಬ ತಂದು ಅದರಲ್ಲಿ ಹಾಕಿ, ಸುತ್ತ ಪೇಪರ್ ತುರುಕಿ ಕಳಿಸಿದೆ. ಸಾಗಣೆ ದುಡ್ಡು ನೋಡಿದರೆ ಎರಡು ಕೆಜಿಯದ್ದು. ಕೊರಿಯರ್‌ನವರು ತಕ್ಕಡಿಯ ತೂಕ ಒಂದನ್ನೇ ನೋಡುವುದಿಲ್ಲ, ಡಬ್ಬ ಎಷ್ಟು ಜಾಗ ತಿನ್ನುತ್ತದೆ ಅಂತಲೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಅದೇ ಕೆಜಿ. ಆ ಬಿಸ್ಕತ್ತಿನ ಡಬ್ಬ 30, 20, 15. ಗುಣಿಸಿದರೆ 9000, ಭಾಗಿಸಿದರೆ 1.8. ಒಳಗಿದ್ದ ಪುಡಿ 400 ಗ್ರಾಂ, ಉಳಿದದ್ದು ಗಾಳಿ. ಗಾಳಿಗೂ ಬಾಡಿಗೆ ಕೊಟ್ಟೆ.

ಅರ್ಧ ಕೆಜಿಯ ಬದಲು 400 ಗ್ರಾಂ ಯಾಕೆ ಅಂತ ಕೆಲವರು ಕೇಳುತ್ತಾರೆ. ಅದೂ ಇದೇ ಲೆಕ್ಕ. ಸಾಗಣೆಯ ಮೊದಲ ಹಂತ 500 ಗ್ರಾಂವರೆಗೆ. ಅರ್ಧ ಕೆಜಿ ಪುಡಿ ಹಾಕಿದರೆ ಪೌಚು ಡಬ್ಬ ಸೇರಿ ಅದನ್ನು ದಾಟುತ್ತದೆ, ಮುಂದಿನ ಹಂತದ ದುಡ್ಡು ಬೀಳುತ್ತದೆ. 200 ಗ್ರಾಂನ ಎರಡು ಪ್ಯಾಕೆಟ್ ಹಾಕಿದರೆ ಎಲ್ಲ ಸೇರಿ 480ರಲ್ಲಿ ನಿಲ್ಲುತ್ತದೆ. ನಮ್ಮ ಮನೆಯ ಅಡಿಗೆ ತಕ್ಕಡಿ ಮೇಲೆ ಈಗ ಕಾಫಿ ಬಿಟ್ಟರೆ ಬೇರೆ ಏನನ್ನೂ ಇಡುವ ಹಾಗಿಲ್ಲ.

ಇನ್ನೊಂದು ಸಲ ಆಸೆಗೆ ಬಿದ್ದು, ತಾಜಾ ತಾಜಾ ಇರಲಿ ಅಂತ ಹುರಿದ ದಿನವೇ ಬೀಜವನ್ನು ಪ್ಯಾಕ್ ಮಾಡಿ ಕಳಿಸಿದೆ. ಇಡೀ ಬೀಜ ಬೇಕು ಅನ್ನುವವರೂ ಇದ್ದಾರಲ್ಲ, ಅವರಿಗೆ. ಮೂರು ದಿನಕ್ಕೆ ಒಬ್ಬರು ಫೋಟೋ ಕಳಿಸಿದರು. ಪೌಚು ಬಲೂನಿನ ಹಾಗೆ ಉಬ್ಬಿದೆ. "ಕೊಳೆತಿದೆ" ಅಂತ ದೂರು. ಕೊಳೆತದ್ದಲ್ಲ ಅದು. ಹುರಿದ ಬೀಜ ಕೆಲವು ದಿನ ಒಳಗಿನಿಂದ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ತಾಜಾ ಇದ್ದಷ್ಟೂ ಜಾಸ್ತಿ. ಆ ಗಾಳಿ ಹೊರಗೆ ಹೋಗಬೇಕು, ಹೊರಗಿನದ್ದು ಒಳಗೆ ಬರಬಾರದು. ಅದಕ್ಕೆ ಪೌಚಿನಲ್ಲಿ ಒಂದು ಪುಟ್ಟ ವಾಲ್ವ್ ಇರುವುದು. ಇದನ್ನು ಆ ಗಿರಾಕಿಗೆ ಎಷ್ಟು ಬರೆದರೂ ನಂಬಲಿಲ್ಲ, ದುಡ್ಡು ವಾಪಸ್ ಕೊಟ್ಟೆ. ಈಗ ವಾಲ್ವ್ ಇರುವ ಪೌಚನ್ನೇ ತರಿಸುತ್ತೇನೆ.

ಆದರೆ ನನ್ನನ್ನು ನಿಜವಾಗಿ ಅಳಿಸಿದ್ದು ಒಂದು ಸ್ಟಾರಿನ ಒಂದು ವಿಮರ್ಶೆ. ಉತ್ತರದ ಕಡೆಯ ಯಾರೋ ಬರೆದಿದ್ದರು. ಬಿಸಿ ಹಾಲಿಗೆ ಎರಡು ಚಮಚ ಹಾಕಿ ಎಷ್ಟು ಕಲಸಿದರೂ ಕರಗಲಿಲ್ಲ, ಬಾಯಿಗೆ ಮಣ್ಣು ಸಿಕ್ಕಿದ ಹಾಗಾಯಿತು, ಮೋಸ. ಅತ್ತೆಗೆ ಓದಿ ಹೇಳಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಪಾಪ, ಫಿಲ್ಟರ್ ಅನ್ನೋದೇ ಕಂಡಿಲ್ಲ ಕಣೇ." ಅವರು ಪಾಪ ಅಂದ ಮೇಲೆ ನನಗೂ ಅದು ಹೊಳೆಯಿತು. ಕಾಫಿ ಅಂದರೆ ಕರಗುವ ಪುಡಿ ಅಂತಲೇ ತಿಳಿದಿರುವ ಎಷ್ಟೋ ಮನೆಗಳಿವೆ. ನಾನು "ಫಿಲ್ಟರ್ ಕಾಫಿ" ಅಂತ ಬರೆದರೆ ಸಾಕು, ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೆ. ಆಲ್ದೂರಿನಲ್ಲಿ ಕೂತು ಬರೆದರೆ ಹಾಗೇ ಆಗುವುದು.

ಅವತ್ತೇ ಸೈಟಿನ ವಿವರಣೆಯಲ್ಲಿ ಮೊದಲ ಸಾಲು ಬದಲಾಯಿಸಿದೆ. "ಇದು ಹಾಲಿನಲ್ಲಿ ಕರಗುವ ಪುಡಿ ಅಲ್ಲ." ಅದರ ಜೊತೆಗೆ ಡಬ್ಬದೊಳಗೆ ಒಂದು ಚೀಟಿ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ. ಅತ್ತೆ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಪುಡಿಯನ್ನು ಒತ್ತಬೇಡಿ, ಸುಮ್ಮನೆ ಸಮ ಮಾಡಿ. ನೀರು ಕುದಿ ಬಂದ ಮೇಲೆ ಇಳಿಸಿ ಒಂದು ನಿಮಿಷ ಬಿಟ್ಟು ಹಾಕಿ. ಮೇಲೆ ಮುಚ್ಚಳ ಮುಚ್ಚಿ ನಿಮ್ಮ ಪಾಡಿಗೆ ಬೇರೆ ಕೆಲಸ ನೋಡಿ, ಹತ್ತಿರ ನಿಂತು ತಟ್ಟಬೇಡಿ. ಫಿಲ್ಟರ್ ಇಲ್ಲದಿದ್ದರೆ ಪಾತ್ರೆಯಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸಿ, ನಮ್ಮ ಅಜ್ಜಿ ಹಾಗೇ ಮಾಡುತ್ತಿದ್ದರು. ಈ ಕೊನೆಯ ಸಾಲಿಗೇ ಜಾಸ್ತಿ ಮೆಚ್ಚುಗೆ ಬಂದಿದೆ. ಆ ಚೀಟಿಯಲ್ಲಿ ನನ್ನ ವಾಟ್ಸಾಪ್ ನಂಬರ್ ಕೂಡ ಹಾಕಿ, ಮುಂದಿನ ಸಲ ನೇರವಾಗಿ ನನ್ನ ಹತ್ತಿರವೇ ತರಿಸಿಕೊಳ್ಳಿ ಅಂತ ಬರೆಯುವ ಆಸೆ ಆಗಿತ್ತು. ಸೈಟಿನ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಬರೆಯಲಿಲ್ಲ. ಆದರೂ ಪ್ಯಾಕೆಟ್ ಮೇಲೆ ದೂರಿಗೆ ಅಂತ ಕಾನೂನಿನ ಪ್ರಕಾರ ಹಾಕಿರುವ ನಂಬರ್ ಇದೆಯಲ್ಲ, ಅದಕ್ಕೆ ದೂರು ಇಲ್ಲದವರೂ ಫೋನ್ ಮಾಡುತ್ತಾರೆ.

ಮಳೆಗಾಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮಲೆನಾಡಿನವರಿಗೆ ಗೊತ್ತೇ ಇದೆ. ಜುಲೈನಲ್ಲಿ ದಾರಿಗೆ ಮರ ಬೀಳುತ್ತದೆ, ಕರೆಂಟ್ ಇರುವುದಿಲ್ಲ, ಎರಡು ದಿನದೊಳಗೆ ಪಾರ್ಸೆಲ್ ಕೊಡದಿದ್ದರೆ ಖಾತೆಗೆ ಕಪ್ಪು ಚುಕ್ಕೆ. ಮಳೆ ಜೋರಾದರೆ ಈಗ ಖಾತೆಯನ್ನೇ ರಜೆಗೆ ಹಾಕುತ್ತೇನೆ. ಹಣ ಕೈಗೆ ಕೊಡುತ್ತೇವೆ ಅಂತ ಆರ್ಡರ್ ಮಾಡಿ ಬಾಗಿಲಲ್ಲಿ ಬೇಡ ಅಂದವರ ಒಂದು ಪಾರ್ಸೆಲ್ 19 ದಿನ ತಿರುಗಿ, ಮೆತ್ತಗಾಗಿ ಮನೆಗೆ ಬಂತು. ಒಳಗಿನ ಪೌಚು ಗಟ್ಟಿ ಇತ್ತು. "ದೇಶ ಸುತ್ತಿ ಬಂದ ಕಾಫಿ" ಅಂತ ಅತ್ತೆ ನೆಂಟರಿಗೆ ಅದನ್ನೇ ಮಾಡಿಕೊಟ್ಟರು. ನಮ್ಮ ಜಿಲ್ಲೆಯದ್ದೇ ಆದ ಕೊಪ್ಪದ ಒಬ್ಬರು ಆರ್ಡರ್ ಮಾಡಿದಾಗ ನಮ್ಮನೆಯವರು, "ಬಸ್ಸಿಗೆ ಕೊಟ್ಟರೆ ಮಧ್ಯಾಹ್ನಕ್ಕೆ ತಲುಪುತ್ತೆ" ಅಂದರು. ಹಾಗೆ ಮಾಡುವಂತಿಲ್ಲ. ಆ ಪುಡಿ ಚಿಕ್ಕಮಗಳೂರಿಂದ ಬೆಂಗಳೂರಿಗೆ ಹೋಗಿ, ಅಲ್ಲಿಂದ ತಿರುಗಿ ಬಂದು, ನಾಲ್ಕನೇ ದಿನ ಕೊಪ್ಪ ಸೇರಿತು.

ದುಡ್ಡು ಕೈಗೆ ಬರುವುದು ಪಾರ್ಸೆಲ್ ತಲುಪಿ ಕೆಲವು ದಿನ ಕಳೆದ ಮೇಲೆ, ಹಿಡಿಯುವುದೆಲ್ಲ ಹಿಡಿದುಕೊಂಡು. ಇದನ್ನು ಮಾವನಿಗೆ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಇದೂ ಪೂಲೇ ಆಯ್ತಲ್ಲ" ಅಂದರು. ಆಮೇಲೆ ತಾವೇ, "ಅಲ್ಲ, ಪೂಲ್‌ನಲ್ಲಿ ರೇಟ್ ಹಾಕೋ ಚೌಕ ಇರ್ಲಿಲ್ಲ" ಅಂತ ತಿದ್ದಿಕೊಂಡರು.

ನಿಜವಾದ ಪರೀಕ್ಷೆ ಬಂದದ್ದು 2024ರ ಕೊನೆಗೆ. ಬ್ರೆಜಿಲ್‌ನಲ್ಲೂ ವಿಯೆಟ್ನಾಂನಲ್ಲೂ ಬರ. ಕಾಫಿ ರೇಟ್ ಏರತೊಡಗಿತು. 2025ರ ಫೆಬ್ರವರಿ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಹಿಂದೆಂದೂ ಕಾಣದ ಬೆಲೆಗೆ ಹೋಯಿತು. ಮಾವ ಬೆಳಗ್ಗೆ ಕೇಳುವ "ಎಷ್ಟಂತೆ"ಯಲ್ಲಿ ಹಬ್ಬದ ದನಿ. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ. ನನ್ನ ಪುಡಿ ಇನ್ನೂ 399ರಲ್ಲೇ ಇದೆ. 110 ಇದ್ದ ಬೀಜದ ಖರ್ಚು 200 ಹತ್ತಿರ ಬಂದಿತ್ತು. ನಮ್ಮನೆಯವರು ಒಂದು ರಾತ್ರಿ ಸಮಾಧಾನದಲ್ಲೇ ಹೇಳಿದರು, "ಹುರಿದು, ಪುಡಿ ಮಾಡಿ, ಡಬ್ಬಕ್ಕೆ ತುಂಬಿ, ಸ್ಕೂಟರ್ ಓಡಿಸಿ ನಷ್ಟ ಮಾಡಿಕೊಳ್ಳೋದಕ್ಕಿಂತ ಹಂಗೇ ಚೀಲದಲ್ಲಿ ಕೊಟ್ಟುಬಿಡಬಹುದಲ್ವಾ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಐದು ಎಕರೆಯಲ್ಲಿ ಬರುವುದು 30 ಚೀಲದ ಆಸುಪಾಸು. ಅದರಲ್ಲಿ ನನ್ನ ಆನ್‌ಲೈನ್ ಅಂಗಡಿ ತಿನ್ನುವುದು ವರ್ಷಕ್ಕೆ ಏಳು ಚೀಲ. ಉಳಿದದ್ದೆಲ್ಲ ಮೊದಲಿನ ಹಾಗೇ ವ್ಯಾಪಾರಿಯ ಲಾರಿಗೆ. ಆನ್‌ಲೈನ್ ಅಂಗಡಿ ಇಟ್ಟು ತೋಟದ ಸಾಲ ತೀರಿಸಿದವರ ಕಥೆ ಬೇಕಾದರೆ ಯೂಟ್ಯೂಬ್ ನೋಡಿ, ನನ್ನ ಹತ್ತಿರ ಇಲ್ಲ.

ಎರಡು ದಿನ ಲೆಕ್ಕ ಹಾಕಿದೆ. 525 ಅಂತ ಬಂತು. ತೆರಿಗೆ ಬಿಟ್ಟು 500. ಸೈಟಿನಲ್ಲಿ ಬೇರೆಯವರು 410, 430ರಲ್ಲಿ ಇದ್ದರು. ಎರಡು ವರ್ಷದ ಹಿಂದೆ ಆಗಿದ್ದರೆ 409 ಹಾಕಿ ಕೂರುತ್ತಿದ್ದೆ. ಈ ಸಲ 525 ಒತ್ತಿದೆ. ಹನ್ನೊಂದು ದಿನ ಒಂದೇ ಒಂದು ಆರ್ಡರ್ ಇಲ್ಲ. ಹನ್ನೆರಡನೇ ದಿನ ಬಂತು, ಹಳೇ ಗಿರಾಕಿ, ಆ ಪುಣೆಯವರೇ. ಮೊದಲು ತಿಂಗಳಿಗೆ 60 ಹೋಗುತ್ತಿತ್ತು. ಬೇರೆಯವರೂ ರೇಟ್ ಏರಿಸುವವರೆಗೆ ಕೆಲವು ತಿಂಗಳು 35ಕ್ಕೆ ಇಳಿಯಿತು. ಆದರೆ ಒಂದೂ ನಷ್ಟಕ್ಕೆ ಹೋಗಲಿಲ್ಲ.

ಆ ವರ್ಷದ ಕುಯ್ಲು ಮುಗಿದು ಪಾರ್ಚ್‌ಮೆಂಟ್ ಎಲ್ಲ ಚೀಲ ಹೊಲಿದು ಇಟ್ಟಿದ್ದೆವು. ವ್ಯಾಪಾರಿ ಫೋನ್ ಮಾಡಿದರು. ನಾನು ಒಳಗೆ ಲೇಬಲ್ ಅಂಟಿಸುತ್ತಿದ್ದೆ. ಮಾವ ಹಲಸಿನ ಮರದ ಹತ್ತಿರ ನಿಂತು ಮಾತಾಡುತ್ತಿದ್ದರು, ಯಾವಾಗಿನ ಹಾಗೆ ಇಡೀ ಕಣಕ್ಕೆ ಕೇಳಿಸುವಂತೆ. ಈ ಸಲ "ಎಷ್ಟಂತೆ" ಅಂತ ಕೇಳಲಿಲ್ಲ. ತಾವೇ ಒಂದು ರೇಟ್ ಹೇಳಿದರು. ಪಟ್ಟಿಯಲ್ಲಿ ಇದ್ದದ್ದಕ್ಕಿಂತ ಚೀಲಕ್ಕೆ ಸಾವಿರ ಜಾಸ್ತಿ. ಆ ಕಡೆಯವರು ಜೋರಾಗಿ ನಕ್ಕದ್ದು ಸ್ಪೀಕರ್‌ನಲ್ಲಿ ನನಗೂ ಕೇಳಿಸಿತು. "ಗೌಡ್ರೇ, ನಾನು ಕೊಡ್ತಿದ್ದೆ, ನ್ಯೂಯಾರ್ಕ್‌ನವ್ರು ಬಿಡ್ಬೇಕಲ್ಲ!" ಮಾವನೂ ನಕ್ಕರು. ಎರಡು ದಿನ ಬಿಟ್ಟು ಲಾರಿ ಬಂತು. ವ್ಯಾಪಾರಿ ಹೇಳಿದ ರೇಟಿಗೇ ಹೋಯಿತು.

ಲಾರಿ ತುಂಬುವ ಮುಂಚೆ ಮಾವ ಸೀಮೆಸುಣ್ಣ ಹಿಡಿದು ಗೋದಾಮಿನೊಳಗೆ ಹೋಗಿದ್ದರು. ಮನೆ ಖರ್ಚಿನ ಚೀಲದ ಮೇಲೆ "ಮನೆ" ಅಂತ ಬರೆದು ಗೋಡೆ ಪಕ್ಕ ಸರಿಸುವುದು ಪೂಲ್ ಕಾಲದ ಅಭ್ಯಾಸ. ನನ್ನ ಚೀಲಗಳಿಗೂ ಅವರೇ ಗುರುತು ಹಾಕುತ್ತಾರೆ, ಬರೀ ಒಂದು ಅಡ್ಡ ಗೀಟು. ಲಾರಿ ಹೋದ ಮೇಲೆ ಎಣಿಸಿದೆ. ನಾನು ಕೇಳಿದ್ದು ಏಳು. ಗೀಟು ಇದ್ದದ್ದು ಎಂಟು ಚೀಲದ ಮೇಲೆ.